ಕರಣಿಕನ ಮುದ್ರೆ

"ಗುರುಗಳೇ, ಜೊತೆಯವನ ತಪ್ಪುಗಳನ್ನು ನಾನು ನಿಮ್ಮ ಗಮನಕ್ಕೆ ತಂದಾಗಲೆಲ್ಲ ನೀವು ಮುಖ ತಿರುಗಿಸುತ್ತೀರಿ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಮತ್ತೇಕೆ ಹೀಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಕರಣಿಕನಿದ್ದ. ಊರಿಗಾಗಿ ಕೆರೆಯನ್ನೋ ಸೇತುವೆಯನ್ನೋ ಕಟ್ಟಿಸುವವರು ಮೊದಲು ತಮ್ಮ ಕೈಯಿಂದ ಖರ್ಚು ಮಾಡಬೇಕಿತ್ತು. ಕರಣಿಕ ಲೆಕ್ಕ ನೋಡಿ, ಸರಿಯಿದೆಯೆಂದು ಮುದ್ರೆ ಒತ್ತಿದ ಮೇಲೆ ಅರಮನೆಯ ಬೊಕ್ಕಸ ಆ ಹಣವನ್ನು ತುಂಬಿಕೊಡುತ್ತಿತ್ತು.

ಅವನ ಜೊತೆಯಲ್ಲೇ ಓದಿದ ಗೆಳೆಯನೊಬ್ಬ ಹೊಳೆಗೆ ಸೇತುವೆ ಕಟ್ಟಿಸತೊಡಗಿದ. ಕಂಬಗಳು ಮೇಲೇಳುತ್ತಿದ್ದಂತೆ ಊರವರ ಬಾಯಲ್ಲೆಲ್ಲ ಅವನದೇ ಮಾತು. ಕರಣಿಕನ ಹೆಂಡತಿಯೂ ಒಮ್ಮೆ ಊಟ ಬಡಿಸುತ್ತ, "ಎಂಥ ಪುಣ್ಯಾತ್ಮ!" ಎಂದಳು. ಕರಣಿಕ ಅರ್ಧ ಊಟಕ್ಕೇ ಕೈ ತೊಳೆದ. ಪಾಠ ಒಪ್ಪಿಸಲು ಬಾರದೆ ತನ್ನ ಮುಖ ನೋಡುತ್ತಿದ್ದವನು ಈಗ ಪುಣ್ಯಾತ್ಮನಾದನೇ ಎಂದು ಒಳಗೊಳಗೇ ಕುದಿದ.

ಸೇತುವೆಯ ಲೆಕ್ಕ ಬಂತು. ಸುಣ್ಣ ಕೊಟ್ಟವನ ರುಜುವಿಲ್ಲವೆಂದು ಕರಣಿಕ ಹಿಂದಕ್ಕೆ ಕಳಿಸಿದ. ರುಜು ಹಾಕಿಸಿ ತಂದರೆ ಕಲ್ಲಿನ ಅಳತೆಗೆ ಸಾಕ್ಷಿ ಎಲ್ಲಿ ಎಂದ. ಸಾಕ್ಷಿ ಬಂದ ಮೇಲೆ ಗಾಡಿಯ ಬಾಡಿಗೆಗೆ ತಿಥಿ ಬರೆದಿಲ್ಲವೆಂದ. ಇಲ್ಲದ ತಪ್ಪನ್ನು ಅವನು ಹೇಳಲಿಲ್ಲ. ಇದ್ದದ್ದನ್ನು ಒಮ್ಮೆಗೇ ಹೇಳಲೂ ಇಲ್ಲ.

ಗೆಳೆಯನ ಕೈ ಬರಿದಾಯಿತು. ಕೂಲಿ ಸಿಗದೆ ಕಲ್ಲುಕುಟಿಗರು ಉಳಿ ಕೆಳಗಿಟ್ಟರು. ಕೆಲಸ ನಿಂತಿತೆಂದು ಕೇಳಿದ ದಿನ ಕರಣಿಕ ಹೊಟ್ಟೆ ತುಂಬ ಉಂಡ.

ಮರುದಿನ ಗೆಳೆಯ ಬಂದು ಅವನ ಬಾಗಿಲಲ್ಲಿ ನಿಂತ. "ಈ ಕೆಲಸ ನಿನ್ನ ಹೆಸರಿಗೇ ಮಾಡಿಕೊ. ಸೇತುವೆ ಕಟ್ಟಿಸಿದವನು ನೀನು ಅಂತ ಕಲ್ಲಿನ ಮೇಲೆ ಕೆತ್ತಿಸು. ಕೂಲಿಯವರ ಮನೆಯಲ್ಲಿ ಒಲೆ ಹೊತ್ತಿಲ್ಲ," ಎಂದ.

ಗಾಡಿಯ ಬಾಡಿಗೆಗೆ ತಿಥಿ ಇನ್ನೂ ಬರೆದಿರಲಿಲ್ಲ; ಲೆಕ್ಕದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಕರಣಿಕ ಅಂದೇ ಮುದ್ರೆ ಒತ್ತಿದ.

ಸೇತುವೆ ಮುಗಿಯಿತು. ಕಲ್ಲಿನ ಮೇಲಿನ ಹೆಸರು ಓದಿ ಜನ ಕರಣಿಕನಿಗೆ ಕೈಮುಗಿದರು. ಆದರೆ ಗೆಳೆಯ ಕಲ್ಲುಕುಟಿಗರೊಡನೆ ನಗುನಗುತ್ತ ಹೊಳೆ ದಾಟುವುದನ್ನು ಕಂಡಾಗ ಕರಣಿಕನ ಹೊಟ್ಟೆಯುರಿ ಮೊದಲಿಗಿಂತ ಹೆಚ್ಚಾಯಿತು. ಹೆಸರು ಬಿಟ್ಟುಕೊಟ್ಟ ಮೇಲೂ ಗೆಳೆಯನಿಗೆ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಶಿಷ್ಯ ಪಟ್ಟು ಬಿಡಲಿಲ್ಲ. "ಆದರೂ ಗುರುಗಳೇ, ಕರಣಿಕ ತೋರಿಸಿದ ತಪ್ಪುಗಳು ಇದ್ದದ್ದು ನಿಜವೇ ಅಲ್ಲವೇ?"

ಗುರುಗಳು ಹೇಳಿದರು: "ನಿಜವೇ. ಆದರೆ ಸೇತುವೆ ತನ್ನದಾದ ದಿನ ಉಳಿದಿದ್ದ ತಪ್ಪು ಅವನ ಕಣ್ಣಿಗೆ ಬೀಳಲಿಲ್ಲ."