ಚಳಿಯಾಗದ ಶಿಷ್ಯೆ

ಹೊಳೆಯ ದಡದ ಹುಲ್ಲುಗಾವಲಿನಲ್ಲಿ ಒಬ್ಬ ಗುರು ಇದ್ದರು. ವೇದಾಂತ ಹೇಳುವ ಗುರುವಲ್ಲ, ಹಾರುವುದನ್ನು ಕಲಿಸುವ ಗುರು. ಶಿಷ್ಯರು ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಅವರ ವಿಮಾನವೋ, ನೋಡಿದರೆ ನಗು ಬರಬೇಕು. ಮೇಲೊಂದು ಬಟ್ಟೆಯ ರೆಕ್ಕೆ, ಕೆಳಗೆ ಮೂರು ಗಾಲಿ, ಒಂದರ ಹಿಂದೊಂದು ಎರಡು ಸೀಟು, ಬೆನ್ನಿಗೊಂದು ಇಂಜಿನ್. ಬಾಗಿಲಿಲ್ಲ, ಗಾಜಿಲ್ಲ. ಮಾಗಿಯ ಬೆಳಗ್ಗೆ ಅದರಲ್ಲಿ ಕೂತು ಮೇಲೇರಿದರೆ ಗಾಳಿ ಎಲುಬಿಗೇ ನಾಟುತ್ತಿತ್ತು.

ಪ್ರತಿ ಸಲ ಇಳಿದ ಮೇಲೆ ಮೇಷ್ಟ್ರು ಕೇಳುತ್ತಿದ್ದರು.

“ಚಳಿಯಾಯ್ತೇನಮ್ಮ?”

“ಇಲ್ಲ ಮೇಷ್ಟ್ರೇ,” ಎನ್ನುತ್ತಿದ್ದಳು ಶಿಷ್ಯೆ ಭಾರ್ಗವಿ.

ಹಲ್ಲು ಕಟಕಟ ಎನ್ನದಂತೆ ದವಡೆ ಬಿಗಿಹಿಡಿದು ಹೇಳುತ್ತಿದ್ದಳು. ಯಾಕೆಂದರೆ ಅವಳ ಹಿಂದಿನ ಸೀಟಿನಲ್ಲಿ ಮೇಷ್ಟ್ರು ಬರೀ ಒಂದು ಖಾಕಿ ಅಂಗಿಯಲ್ಲಿ ನಿಶ್ಚಿಂತೆಯಿಂದ ಕೂತಿರುತ್ತಿದ್ದರು. ಚಳಿಯನ್ನೇ ಗೆದ್ದ ಮಹಾತ್ಮರು! ಅಂಥವರ ಶಿಷ್ಯೆ ಸ್ವೆಟರ್ ಹಾಕುವುದೇ? ಬಂದ ಹೊಸದರಲ್ಲೇ ಅವಳು ತನ್ನ ಸ್ವೆಟರನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ. ಆ ಹಿಂದಿನ ಸೀಟು ಖಾಲಿಯಾಗಬೇಕು, ತಾನೊಬ್ಬಳೇ ಹಾರಬೇಕು.

ದೀಪಾವಳಿ ಕಳೆದ ಮೇಲೆ ಏಕನಾಥನೆಂಬ ಹೊಸ ಶಿಷ್ಯ ಬಂದ. ಮಂಕಿ ಟೋಪಿ, ಸ್ವೆಟರಿನ ಮೇಲೆ ಸ್ವೆಟರ್, ಕೈಗೂ ಕಾಲುಚೀಲ. ಅಷ್ಟಾದರೂ ಅವನ ಗೋಳು ಹೊಳೆಯ ಆಚೆ ದಡಕ್ಕೆ ಕೇಳಿಸುತ್ತಿತ್ತು.

“ಕಿವಿ ಬಿದ್ದೇ ಹೋಯ್ತು ಮೇಷ್ಟ್ರೇ! ಸಾಕು, ಇಳಿಯೋಣ!”

ಮೇಷ್ಟ್ರು ಕೂಡಲೇ ಇಳಿಸುತ್ತಿದ್ದರು.

ಒಂದು ಬೆಳಗ್ಗೆ ಅದೇ ಏಕನಾಥನನ್ನು ಮೇಷ್ಟ್ರು ಒಬ್ಬನೇ ಕಳಿಸಿದರು. ಅವನು ಹೊಳೆಯ ಮೇಲೆ ಒಂದು ಸುತ್ತು ಹಾಕಿ ಬಂದು, ಹಲ್ಲು ಬಿಡುತ್ತಾ ಇಳಿದ.

ಭಾರ್ಗವಿಗೆ ಮೈಯೆಲ್ಲ ಉರಿದುಹೋಯಿತು. ಅತ್ತ ಮಗುವಿಗೇ ಹಾಲು ಅನ್ನುವುದು ಗುರುಗಳ ಮನೆಯಲ್ಲೂ ನಡೆಯುತ್ತದೆಯೇ? ತುಟಿಪಿಟಿಕ್ಕೆನ್ನದೆ ಸಹಿಸಿದವಳು ನೆಲದ ಮೇಲೆ, ಗೊಣಗುವವನು ಆಕಾಶದಲ್ಲಿ!

ಕೇಳಿಯೇಬಿಡಬೇಕೆಂದು ಷೆಡ್ಡಿಗೆ ನುಗ್ಗಿದಳು.

ಒಳಗೆ ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚಿ ನಿಂತಿದ್ದರು. ಒಳಗೊಂದು ದಪ್ಪ ಉಣ್ಣೆಯ ಬನಿಯನ್. ಅದರ ಮೇಲೆ, ಎದೆಗೂ ಹೊಟ್ಟೆಗೂ, ಹಳೆಯ ದಿನಪತ್ರಿಕೆಗಳನ್ನು ಪದರ ಪದರವಾಗಿ ಸೇರಿಸಿಕೊಳ್ಳುತ್ತಿದ್ದರು. ಗಾಳಿ ನುಗ್ಗದಂತೆ ಅಂಗಿಯ ತೋಳಿಗೆ ಮುಂಗೈ ಬಳಿ ದಾರ ಸುತ್ತಿದ್ದರು. ಜೇಬಿನಿಂದ ಉಣ್ಣೆಯ ಕೈಗವಸು ಇಣುಕುತ್ತಿತ್ತು.

“ಮೋಸ!” ಎಂದಳು ಭಾರ್ಗವಿ. ಗುರು ಎಂಬ ಭಯವೂ ಅವಳಿಗೆ ಉಳಿದಿರಲಿಲ್ಲ. “ನೀವು ಚಳಿ ಗೆದ್ದವರು ಅಂದ್ಕೊಂಡಿದ್ದೆ!”

“ಹಾಗಂತ ಯಾರು ಹೇಳಿದ್ರು?”

“ನಿಮ್ಮ ಅಂಗಿ ಹೇಳ್ತು!”

“ಅಂಗೀನ ಕೇಳಿದೆ. ನನ್ನನ್ನ ಕೇಳ್ಲಿಲ್ಲ.” ಮೇಷ್ಟ್ರು ಒಂದು ಪತ್ರಿಕೆ ಚಾಚಿದರು. “ತಗೋ. ಹಾಕ್ಕೋ.”

“ಬೇಡ. ಇಷ್ಟು ದಿನ ಇಲ್ಲದ್ದು ಇವತ್ಯಾಕೆ?”

“ಸರಿ. ಬಾ, ಹೋಗೋಣ.”

ಭಾರ್ಗವಿ ಸಿಟ್ಟಿನಲ್ಲೇ ಮುಂದಿನ ಸೀಟಿನಲ್ಲಿ ಕೂತಳು. ಮೇಷ್ಟ್ರು ಹಿಂದೆ. ಅವಳು ಎಂದಿಗಿಂತ ಮೇಲಕ್ಕೆ ಏರಿಸಿದಳು. ಅಲ್ಲಿ ಬಿಸಿಲಿತ್ತು, ಬೆಚ್ಚಗಿರಲಿಲ್ಲ.

“ಇಂಜಿನ್ ಆರಿಸು,” ಎಂದರು ಮೇಷ್ಟ್ರು. “ಹಾಗೇ ತೇಲ್ಕೊಂಡು ಇಳಿಯೋಣ.”

ಎಷ್ಟೋ ಸಲ ಮಾಡಿದ್ದ ಪಾಠ. ಭಾರ್ಗವಿ ಸ್ವಿಚ್ಚಿಗೆ ಕೈ ಹಾಕಿದಳು. ಹೆಬ್ಬೆರಳು ಅದರ ಮೇಲೆ ಸುಮ್ಮನೆ ಕೂತಿತು, ಬಗ್ಗಲಿಲ್ಲ. ಇನ್ನೊಮ್ಮೆ ಯತ್ನಿಸಿದಳು. ಅದು ಬೇರೆ ಯಾರದೋ ಬೆರಳಿನಂತಿತ್ತು. ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಹಿಂದಿನಿಂದ ಉಣ್ಣೆಯ ಕೈಗವಸು ತೊಟ್ಟ ಕೈಯೊಂದು ಬಂದು ಇಂಜಿನ್ ಆರಿಸಿತು.

ಸದ್ದಡಗಿತು. ಆ ಮೌನದಲ್ಲಿ ಮೇಷ್ಟ್ರು ಕೇಳಿದರು.

“ಚಳಿಯಾಯ್ತೇನಮ್ಮ?”

“ಇಲ್ಲ!”

ವಿಮಾನ ನೆಲ ಮುಟ್ಟಿ ನಿಂತ ಮೇಲೆ ಮೇಷ್ಟ್ರು ಕೆಳಗಿಳಿದು ನಿಂತರು. ಭಾರ್ಗವಿ ಇಳಿಯಲಿಲ್ಲ. ಸೀಟಿನ ಬೆಲ್ಟು ಬಿಚ್ಚುವುದಕ್ಕೆ ಅವಳ ಬೆರಳುಗಳಿಗೆ ಆಗುತ್ತಿರಲಿಲ್ಲ. ದೂರದಲ್ಲಿ ಏಕನಾಥ ಮಂಕಿ ಟೋಪಿಯೊಳಗಿಂದ ನೋಡುತ್ತಿದ್ದ. ಮೇಷ್ಟ್ರು ಕೈ ಕಟ್ಟಿಕೊಂಡು ನಿಂತೇ ಇದ್ದರು, ಸಹಾಯಕ್ಕೆ ಬರಲಿಲ್ಲ.

ಅಲ್ಲಿಗೆ ಭಾರ್ಗವಿಯ ತಾಳ್ಮೆಯ ಕಟ್ಟೆ ಒಡೆಯಿತು.

“ಆಯ್ತು ಮೇಷ್ಟ್ರೇ, ಚಳಿಯಾಯ್ತು! ಸಾಯೋ ಹಾಗೆ ಚಳಿಯಾಯ್ತು! ಇವತ್ತಲ್ಲ, ಎಲ್ಲಾ ದಿನವೂ ಆಗಿತ್ತು! ಬೆರಳೇ ಇಲ್ಲ ನನಗೆ! ನೀವು ಅಷ್ಟೊಂದು ಪೇಪರ್ ಸುತ್ಕೊಂಡು ನನ್ನ ನಡುಗ್ಸಿದ್ರಲ್ಲ, ನಿಮಗೆ ಕರುಣೆ ಬೇಡ್ವಾ? ನೀವೆಂಥ ಗುರು?”

ಹೊಳೆಯ ದಡದ ಕೊಕ್ಕರೆಗಳು ಎದ್ದು ಹಾರಿದವು.

ಮೇಷ್ಟ್ರು ಬಾಗಿ ಬೆಲ್ಟು ಬಿಚ್ಚಿದರು. ಅವಳನ್ನು ಕರೆದೊಯ್ದು ಅಗ್ಗಿಷ್ಟಿಕೆಯ ಮುಂದೆ ಕೂರಿಸಿದರು. ಬಿಸಿ ಕಷಾಯ ಕುಡಿಸಿದರು. ಅವಳು ಬೈಯುತ್ತಲೇ ಕುಡಿದಳು. ಬೆರಳುಗಳಿಗೆ ಜೀವ ಬಂದು ಜುಮುಗುಟ್ಟಿ, ನೋವಾಗಿ, ಕೊನೆಗೆ ಅವು ಅವಳವೇ ಆದವು. ಅಷ್ಟರಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಆರಿತ್ತು.

ಮೇಷ್ಟ್ರು ಅಂಗಿಯೊಳಗಿನಿಂದ ಪತ್ರಿಕೆಗಳನ್ನು ಒಂದೊಂದಾಗಿ ತೆಗೆದು ಅವಳ ಕೈಗಿಟ್ಟರು. ಮೈಬಿಸಿಗೆ ಅವು ಬೆಚ್ಚಗಿದ್ದವು. ಕೈಗವಸುಗಳನ್ನೂ ಕೊಟ್ಟರು. ಈ ಸಲ ಭಾರ್ಗವಿ ಬೇಡ ಎನ್ನಲಿಲ್ಲ.

“ಹೋಗಿ ಒಂದು ಸುತ್ತು ಹಾಕಿ ಬಾ,” ಎಂದರು.

“ನೀವು?”

“ನಾನು ಬರಲ್ಲ.”

ಭಾರ್ಗವಿ ಎದ್ದು ನಿಂತಳು. ಸಂತೋಷಪಡಬೇಕಿತ್ತು. ಅವಳಿಗೆ ಮತ್ತೆ ಸಿಟ್ಟೇ ಬಂತು.

“ಒಂದು ದಿನವಾದರೂ ನಾನು ತಪ್ಪು ಹಾರಿಸಿದ್ದೇನಾ? ಆಗೆಲ್ಲ ಕಳಿಸಲಿಲ್ಲ. ಇವತ್ತು ಸ್ವಿಚ್ ಆರ್ಸೋಕೂ ಆಗದವಳು, ಬಾಯಿಗೆ ಬಂದ ಹಾಗೆ ಬೈದವಳು. ಇವತ್ತು ಒಬ್ಬಳೇ ಹೋಗು ಅಂತೀರಲ್ಲ, ಇದ್ಯಾವ ನ್ಯಾಯ?”

ಮೇಷ್ಟ್ರು ಅಗ್ಗಿಷ್ಟಿಕೆಯ ಹತ್ತಿರಕ್ಕೆ ಸರಿದು ತಮ್ಮ ಕೈ ಕಾಯಿಸಿಕೊಂಡರು.

“ಬೈಯೋಳನ್ನ ಒಬ್ಬಳೇ ಕಳಿಸ್ಬೋದು ಮಗಳೇ. ‘ಏನಿಲ್ಲ’ ಅನ್ನೋಳ ಜೊತೆ ಯಾರಾದ್ರೂ ಕೂತಿರಲೇಬೇಕು.”