ಹೊಳೆ ಒಪ್ಪಿಸದೆ ಹೋದ ಅಂಬಿಗ

“ಗುರುಗಳೇ, ಕೈಹಿಡಿದು ಕಲಿಸಿದವರನ್ನು ಬಿಟ್ಟು ಅವರ ಎದುರಾಳಿಯ ಹತ್ತಿರ ಕೆಲಸಕ್ಕೆ ಹೋಗುವುದು ದ್ರೋಹವೇ?”

ಕೇಳಿದವನು ವಾಗೀಶ. ವಿಮಾನ ಹಾರಿಸುವವನು. ಒಂದು ಕಂಪನಿಯಲ್ಲಿ ಏಳು ವರ್ಷದಿಂದ ಕೋ-ಪೈಲಟ್. ಓದುವ ಕಾಲದಲ್ಲಿ ಈ ಮಠದಲ್ಲೇ ಇದ್ದು ಬೆಳೆದವನು. ಗುರುಗಳು ಅವನನ್ನು ಇನ್ನೂ ‘ಮಗು’ ಅನ್ನುತ್ತಿದ್ದರು.

“ಸ್ವಲ್ಪ ಬಿಡಿಸಿ ಹೇಳಪ್ಪ” ಅಂದರು ಗುರುಗಳು.

ವಾಗೀಶ ಬಿಡಿಸಿ ಹೇಳಿದ. ಹೊಸದಾಗಿ ಬಂದ ಇನ್ನೊಂದು ಕಂಪನಿ ಅವನನ್ನು ಕರೆದಿತ್ತು. ಅಲ್ಲಿಗೆ ಹೋದರೆ ವರ್ಷದೊಳಗೆ ಕ್ಯಾಪ್ಟನ್. ಇಲ್ಲೇ ಇದ್ದರೆ ಆ ಸೀಟು ಸಿಗಲು ಇನ್ನೂ ಐದಾರು ವರ್ಷ. ಜೊತೆಯವರು ಅನೇಕರು ಆಗಲೇ ಹೋಗಿದ್ದರು. ಅವನಿಗೆ ಮಾತ್ರ ಕ್ಯಾಪ್ಟನ್ ಉತ್ತಯ್ಯನವರ ಮುಖ ಅಡ್ಡ ಬರುತ್ತಿತ್ತು. ಉತ್ತಯ್ಯನವರು ಅವನಿಗೆ ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದನ್ನು ಕಲಿಸಿದ ಹಿರಿಯರು. ಅವನ ತಂದೆ ತೀರಿಕೊಂಡಾಗ ಊರಿಗೆ ಬಂದು ಮೂರು ದಿನ ಜೊತೆಗೆ ಇದ್ದವರು. ಈಗಲೂ ಹೆಚ್ಚಿನ ದಿನ ಅವರ ಜೊತೆಯಲ್ಲೇ ಅವನ ಹಾರಾಟ.

“ಇರೋಣವೆಂದರೆ ಮನಸ್ಸು ಅಲ್ಲಿದೆ. ಹೋಗೋಣವೆಂದರೆ ಕಾಲು ಏಳುವುದಿಲ್ಲ. ಒಂದೂವರೆ ವರ್ಷದಿಂದ ಹೀಗೇ ಒದ್ದಾಡುತ್ತಿದ್ದೇನೆ. ಎಲ್ಲರೂ ನನ್ನನ್ನು ನಿಯತ್ತಿನವನು ಅನ್ನುತ್ತಾರೆ, ಗುರುಗಳೇ.”

ಗುರುಗಳು ನಕ್ಕರು. “ಮೇಲಿಂದ ಹಾರುವ ನಿನಗೆ ಹೊಳೆಯೆಂದರೆ ಒಂದು ಗೆರೆ. ಅದನ್ನು ದಾಟಿಸುವವನ ಕತೆ ಹೇಳುತ್ತೇನೆ. ಸರಿಯಾಗಿ ಕೂತುಕೋ” ಅಂದರು.

ಒಂದು ಹೊಳೆ. ಅದಕ್ಕೊಂದು ಕಡವು, ಅಂದರೆ ಜನ ದೋಣಿ ಹತ್ತಿ ಇಳಿಯುವ ಜಾಗ. ಆ ಕಡವಿಗೆ ಒಬ್ಬ ಯಜಮಾನ. ಅವನಿಗಿದ್ದದ್ದು ಹತ್ತು ಜನ ಹಿಡಿಸುವ ಒಂದೇ ದೋಣಿ. ಬಹಳ ಕಾಲ ತಾನೇ ನಡೆಸಿದ. ಕಣ್ಣು ಮಂದವಾಗುತ್ತ ಬಂದಾಗ ಒಬ್ಬ ಅಂಬಿಗನನ್ನು ಕರೆದು ತಂದು ಕಲಿಸಿದ. ಹೇಗೆ ಕಲಿಸಿದ ಅಂತೀಯಾ? ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಬಿದಿರಿನ ಗಳ ಕೈಗೆ ಕೊಟ್ಟು, “ತಳ ಮುಟ್ಟಿ ನೋಡಿ ಹೇಳು, ಈಗ ಎಲ್ಲಿದ್ದೇವೆ?” ಅಂತ ಕೇಳುತ್ತಿದ್ದ. ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. ದೋಣಿ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಶುರು ಮಾಡಿಸುತ್ತಿದ್ದ. ಮನೆಯಲ್ಲಿ ರೊಟ್ಟಿ ಬಡಿದರೆ ಬಿಸಿ ರೊಟ್ಟಿ ಮೊದಲು ಅಂಬಿಗನ ತಟ್ಟೆಗೆ ಬೀಳುತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಅಷ್ಟು ಮಾಡುತ್ತಿದ್ದನೋ ಇಲ್ಲವೋ.

ಆ ಹೊಳೆಯದು ಒಂದು ಗುಣ. ಪ್ರತಿ ಮಳೆಗಾಲವೂ ನೆರೆ ಬಂದು ಇಳಿಯುವಷ್ಟರಲ್ಲಿ ತಳದ ಮರಳು ಜಾಗ ಬದಲಾಯಿಸಿರುತ್ತಿತ್ತು. ಹೋದ ವರ್ಷ ಆಳವಿದ್ದ ಕಡೆ ಈ ವರ್ಷ ದಿಬ್ಬ. ದಡದಲ್ಲಿ ನಿಂತು ನೋಡಿದರೆ ಎಲ್ಲ ಒಂದೇ ನೀರು. ನೆರೆಯ ದಿನಗಳಲ್ಲಿ ದಿನವೂ ಗಳ ಊರಿದವನಿಗೆ ಮಾತ್ರ ದಾರಿ ಗೊತ್ತು. ಅದಕ್ಕೇ ಆ ಹೊಳೆಯ ಕಡವುಗಳಲ್ಲೆಲ್ಲ ಒಂದು ಪದ್ಧತಿ ಇತ್ತು. ಕಡವು ಬಿಡುವ ಅಂಬಿಗ ಮಳೆ ಶುರುವಾಗುವ ಮುಂಚೆ ಯಜಮಾನನಿಗೆ ಹೇಳಬೇಕು. ಆ ಮಳೆಗಾಲ ಪೂರ್ತಿ ಹೊಸಬನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದೋಣಿ ನಡೆಸಬೇಕು. ಅದಕ್ಕೆ ‘ಹೊಳೆ ಒಪ್ಪಿಸುವುದು’ ಅನ್ನುತ್ತಿದ್ದರು. ಒಪ್ಪಿಸಿ ಹೋದವನ ಬಗ್ಗೆ ಯಾರೂ ಹಗುರವಾಗಿ ಮಾತಾಡುತ್ತಿರಲಿಲ್ಲ. ಯಜಮಾನರೇ ಹೊಸ ಪಂಚೆ ಉಡಿಸಿ ಕಳಿಸುತ್ತಿದ್ದರು.

“ನಮ್ಮಲ್ಲೂ ಹಾಗೇ. ಬಿಡುವವರು ಆರು ತಿಂಗಳ ನೋಟಿಸ್ ಕೊಡಬೇಕು” ಅಂದ ವಾಗೀಶ.

“ನೋಟಿಸಿನ ಮಾತು ಆಮೇಲೆ. ಮೊದಲು ದೋಣಿ ಹತ್ತು” ಅಂದರು ಗುರುಗಳು.

ಹೀಗಿರುವಾಗ ಸ್ವಲ್ಪ ಮೇಲೆ, ಮರಳು ನಿಲ್ಲದಷ್ಟು ಆಳವಿದ್ದ ಒಂದು ತಿರುವಿನಲ್ಲಿ, ಇನ್ನೊಬ್ಬ ಹೊಸ ಕಡವು ಮಾಡಿದ. ಅವನ ದೋಣಿ ನಲವತ್ತು ಜನ ಹಿಡಿಸುವಂಥದ್ದು. ಅದಕ್ಕೆ ಚುಕ್ಕಾಣಿ ಬೇರೆ. “ನೀನು ಬಾ, ಚುಕ್ಕಾಣಿ ನಿನ್ನ ಕೈಗೇ ಕೊಡುತ್ತೇನೆ” ಅಂತ ಅಂಬಿಗನಿಗೆ ಹೇಳಿ ಕಳಿಸಿದ. ಅಂಬಿಗನಿಗೆ ಆಸೆಯಾಯಿತು. ಆಗದೆ ಇರುತ್ತದೆಯೇ? ಕೆಲಸ ಬಲ್ಲವನಿಗೆ ದೊಡ್ಡ ಕೆಲಸ ಕಂಡರೆ ಕೈ ತುರಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

ಮಳೆಗೆ ಮುಂಚೆ ಹೇಳಿಬಿಡೋಣ ಅಂತ ಯಜಮಾನನ ಮನೆಗೆ ಹೋದ. “ಒಳ್ಳೆ ಹೊತ್ತಿಗೆ ಬಂದೆ, ಕೈ ತೊಳೆದುಕೋ” ಅಂದ ಯಜಮಾನ. ತಟ್ಟೆಯ ಮುಂದೆ ಕೂತವನಿಗೆ ಮಾತು ಗಂಟಲಲ್ಲೇ ನಿಂತಿತು. ಉಂಡು ಎದ್ದು ಬಂದ. ಮಳೆ ಶುರುವಾಯಿತು. ಇನ್ನು ಮುಂದಿನ ವರ್ಷ ಅಂದುಕೊಂಡ. ಮುಂದಿನ ವರ್ಷವೂ ಹೋದ, ಉಂಡ, ಬಂದ.

ಹೊಸ ಕಡವಿನವರು ಕರೆದರೂ ಹೋಗಲಿಲ್ಲವಂತೆ ಅಂತ ಜನರ ಬಾಯಲ್ಲಿ ಸುದ್ದಿ ಹಬ್ಬಿತು. “ಇದ್ದರೆ ಇಂಥವನಿರಬೇಕು” ಅಂದರು. ಹೊಗಳಿಸಿಕೊಂಡ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ದೋಣಿ ನಡೆಸುತ್ತಿದ್ದ, ಆದರೆ ನಗು ಹೋಯಿತು. ದಿನಾ ಬರುವ ಮುದುಕಿಯರ ಮೇಲೆ ರೇಗತೊಡಗಿದ. ಯಜಮಾನನಿಗಾಗಿ ತಾನು ಇಷ್ಟೆಲ್ಲ ಬಿಟ್ಟೆ, ಆತನಿಗೆ ಅದರ ಪರಿವೆಯೇ ಇಲ್ಲವಲ್ಲ ಅಂತ ಒಳಗೊಳಗೇ ಕುದಿದ. ಪಾಪ, ಆ ಯಜಮಾನನಿಗೆ ಯಾರು ಹೇಳಿದ್ದರು?

ಮೂರನೆಯ ಮಳೆಗಾಲ ಮುಗಿಯಿತು. ಮೇಲಿನ ಕಡವಿನಿಂದ ಮತ್ತೆ ಮಾತು ಬಂತು. “ನಾಳೆ ಬಂದರೆ ನೀನು. ಇಲ್ಲದಿದ್ದರೆ ಬೇರೆಯವನು.” ಅಂಬಿಗ ಅವತ್ತೇ ಯಜಮಾನನ ಮುಂದೆ ಹೋಗಿ ನಿಂತ. ಕೂರಲಿಲ್ಲ. ನಿಂತೇ ಹೇಳಿದ.

ಯಜಮಾನ ಕೇಳಿದ, “ಈ ಯೋಚನೆ ಯಾವಾಗ ಬಂತು?”

“ಮೂರು ವರ್ಷವಾಯಿತು. ನಿಮ್ಮ ಮೇಲಿನ ಗೌರವಕ್ಕೆ ಬಾಯಿ ಬಿಡಲಿಲ್ಲ.”

“ಮೂರು ವರ್ಷ ಒಬ್ಬನೇ ಹೊತ್ತುಕೊಂಡು ತಿರುಗಿದೆಯಲ್ಲೋ” ಅಂದ ಯಜಮಾನ. ಒಳಗೆ ಹೋಗಿ ಹೊಸ ಪಂಚೆ ತಂದ. “ಹೋಗು. ದೊಡ್ಡ ದೋಣಿ ನಿನ್ನ ಕೈಗೆ ತಕ್ಕದ್ದೇ.”

ಬೈದಿದ್ದರೆ ಅಂಬಿಗ ಅಲ್ಲಿ ನಿಲ್ಲುತ್ತಿದ್ದನೋ ಏನೋ. ಬೈಯಲಿಲ್ಲವಲ್ಲ, ನಾಚಿಕೆ ತಡೆಯಲಾಗಲಿಲ್ಲ. ಪಂಚೆ ಹಿಡಿದುಕೊಂಡು ಹೊರಟೇಬಿಟ್ಟ. ಈ ಸಲ ಮರಳು ಎಲ್ಲಿ ಕೂತಿದೆ ಅಂತ ಒಂದು ಮಾತು ಹೇಳುವಷ್ಟು ಹೊತ್ತು ಕೂಡ ನಿಲ್ಲಲಿಲ್ಲ.

ಮರುದಿನ ದೊಡ್ಡ ದೋಣಿಯ ಚುಕ್ಕಾಣಿ ಹಿಡಿದು ನಿಂತ. ಬೆನ್ನ ಹಿಂದೆ ನಲವತ್ತು ಜನ. ನಡುಹೊಳೆಗೆ ಬಂದಾಗ ಕೆಳಗಿನ ಹಳೆಯ ಕಡವು ಕಣ್ಣಿಗೆ ಬಿತ್ತು. ಅಲ್ಲಿಂದಲೂ ದೋಣಿ ಹೊರಟಿತ್ತು. ಗಳ ಹಿಡಿದಿದ್ದವನು ಯಜಮಾನ. ಬೇರೆ ಯಾರಿದ್ದರು? ಸಂತೆಯ ದಿನ, ಜನ ದಡದಲ್ಲಿ ಕಾಯುತ್ತಿದ್ದರು. ಆತ ತನಗೆ ಗೊತ್ತಿದ್ದ ಹಳೆಯ ದಾರಿಯಲ್ಲೇ ಹೊರಟಿದ್ದ. ಆ ದಾರಿಗೆ ಅಡ್ಡಲಾಗಿ ಹೊಸ ಮರಳು ದಿಬ್ಬ ಕಟ್ಟಿರುವುದು ಈ ಭೂಮಿಯ ಮೇಲೆ ಒಬ್ಬ ಅಂಬಿಗನಿಗೆ ಮಾತ್ರ ಗೊತ್ತಿತ್ತು. ಕೂಗಿದ. ಗಾಳಿ ಎದುರಿಗಿತ್ತು, ಕೇಳಲಿಲ್ಲ. ನಲವತ್ತು ಜನರನ್ನು ನಡುನೀರಿನಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಕಣ್ಣೆದುರಿಗೇ ದೋಣಿ ಮರಳಿಗೆ ಬಡಿದು ವಾಲಿತು.

ಜನರನ್ನು ದಡ ಸೇರಿಸಿ ಹೊಳೆಯಂಚಿನಲ್ಲೇ ಓಡಿದ. ಯಾರಿಗೂ ಏನೂ ಆಗಿರಲಿಲ್ಲ. ಎಲ್ಲರೂ ನೀರಿಗೆ ಇಳಿದು, ದೋಣಿ ನೂಕಿಕೊಂಡು ದಡಕ್ಕೆ ಬಂದಿದ್ದರು. ಯಜಮಾನ ಸೊಂಟದವರೆಗೆ ನೆನೆದು, ಏದುಸಿರು ಬಿಡುತ್ತ ಕೂತಿದ್ದ. ಅಂಬಿಗನನ್ನು ಕಂಡು ನಕ್ಕ.

“ಮರಳು ಅಲ್ಲಿಗೆ ಬಂದಿತ್ತೇನೋ ಮಗನೇ? ನನಗೆ ಗೊತ್ತೇ ಇರಲಿಲ್ಲ ನೋಡು” ಅಂದ.

ಗುರುಗಳು ಕತೆ ನಿಲ್ಲಿಸಿದರು. ವಾಗೀಶನಿಗೆ ಆ ಯಜಮಾನನ ಮೇಲೆ ಅಕ್ಕರೆ ಉಕ್ಕಿ ಬಂದಿತ್ತು, ಅಂಬಿಗನ ಮೇಲೆ ಸಿಟ್ಟು.

“ಹಾಗಾದರೆ ಅವನು ಹೋಗಲೇಬಾರದಿತ್ತು, ಅಲ್ಲವೇ ಗುರುಗಳೇ?”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಮೊಳ ದೂರದಲ್ಲಿ, ಪಕ್ಕದ ಸೀಟಿನಲ್ಲೇ ಕೂರುವವರಿಗೆ ಹೇಳಬೇಕಾದ ಮಾತನ್ನು ಮುನ್ನೂರು ಮೈಲಿ ಬಂದು ನನಗೇಕೆ ಹೇಳುತ್ತಿದ್ದೀ, ಮಗು?”