ಮಾತ್ರೆ ಪ್ರಸಾದವಾದದ್ದು

ಪೂಜ್ಯ ಮುಕ್ತಾಂಬೆ ತಾಯಿಯವರು ತಮ್ಮ ಕೊನೆಯ ದಿನಗಳನ್ನು ಕಳೆದದ್ದು ಮಠದಲ್ಲಲ್ಲ, ಕ್ಯಾನ್ಸರ್ ಆಸ್ಪತ್ರೆಯೊಂದರ ಹೆಂಗಸರ ಜನರಲ್ ವಾರ್ಡಿನಲ್ಲಿ. ಸ್ಪೆಷಲ್ ರೂಮಿಗೆ ಭಕ್ತರು ಎಷ್ಟು ಗೋಗರೆದರೂ ಒಪ್ಪಲಿಲ್ಲ. ವ್ಯಾಧಿ ಬೆನ್ನೆಲುಬಿಗೆ ಇಳಿದಿತ್ತು. ಆದರೂ ಅವರು ನೋವಿನ ಮಾರ್ಫಿನ್ ಮಾತ್ರೆ ಮುಟ್ಟುತ್ತಿರಲಿಲ್ಲ. ಲಿಂಗಪೂಜೆಯ ಹೊತ್ತಿಗೆ ಮಂಪರು ಕವಿದೀತೆಂಬ ಅಳುಕು.

ನಾವು ಭಕ್ತರು ಸುಮ್ಮನಿರುವವರೇ? ನಮ್ಮಲ್ಲಿ ಹಿರಿಯರಾದ ಸಂಗಪ್ಪ ಮಾಸ್ತರರು ಮಂಚದಿಂದ ಮಂಚಕ್ಕೆ ಹೋಗಿ, "ನಮ್ಮ ತಾಯಿಯವರಿಗೆ ನೋವು ಅಂಬೂದ ಇಲ್ರೀ, ಎಲ್ಲಾ ಗೆದ್ದಾರ" ಎಂದು ಸಾರಿದರು. ಹಿಂದೆ ನಿಂತು ನಾವೂ ತಲೆಯಾಡಿಸಿದೆವು.

ಪಕ್ಕದ ಮಂಚದಲ್ಲಿ ಗಜೇಂದ್ರಗಡದ ನೇಕಾರ ಹೆಣ್ಣುಮಗಳು ಶಂಕ್ರವ್ವ ಇದ್ದಳು. ಆಕೆಯದೂ ಅದೇ ರೋಗ. ಮಾಸ್ತರರ ಮಾತು ಆಕೆಯ ಮನಸ್ಸಿಗೆ ನಾಟಿತು. ಮರುದಿನದಿಂದ ತನಗೂ ಮಾತ್ರೆ ಬೇಡವೆಂದಳು. ಸೆರಗು ಕಚ್ಚಿಕೊಂಡು ಮಲಗುವಳು. ತುತ್ತು ಅನ್ನ ಇಳಿಯದು, ಮಗಳು ಮೈ ಮುಟ್ಟಿದರೆ ಚೀರುವಳು. ಎರಡು ದಿನ ಹೀಗೇ ಕಳೆಯಿತು. ಮೂರನೆಯ ಬೆಳಿಗ್ಗೆ ನರ್ಸ್ ಫಿಲೋಮಿನಾ ಮಾತ್ರೆ ಹಿಡಿದು ಅಂಗಲಾಚಿದಳು.

"ಒಲ್ಲೆ ಸಿಸ್ಟರ್. ತಾಯಿಯವರು ತಡಕೊಂಡಾರ. ನನ್ನ ಕರ್ಮ ನಾ ಉಣಬೇಕು" ಎಂದಳು ಶಂಕ್ರವ್ವ.

ತಾಯಿಯವರು ಕಣ್ಣು ತೆರೆದರು. ಹಲ್ಲಿಗೆ ಸಿಕ್ಕು ಹರಿದಿದ್ದ ಆ ಸೆರಗನ್ನು ಕಂಡರು. ಬಳಿಕ ನರ್ಸಿನ ಕಡೆ ತಿರುಗಿ, "ನನ್ನ ಮಾತ್ರೀನೂ ತಾ, ಮಗಳ" ಎಂದರು.

ಲಿಂಗಕ್ಕೆ ಅರ್ಪಿಸದೆ ಗುಟುಕು ನೀರನ್ನೂ ಸೇವಿಸದ ನೇಮ ಅವರದು. ದಿಂಬಿಗೆ ಒರಗಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ನರ್ಸ್ ಕೊಟ್ಟ ಎರಡೂ ಮಾತ್ರೆಗಳನ್ನು ಅದಕ್ಕೆ ತೋರಿಸಿ ಕಣ್ಣು ಮುಚ್ಚಿದರು. ಮಾಸ್ತರರು ಗಾಬರಿಯಾಗಿ, "ತಾಯಿ, ಅದು ಅಮಲಿನ ವಸ್ತು!" ಎಂದರು. ತಾಯಿಯವರು ಎಲ್ಲರೂ ನೋಡುತ್ತಿರುವಂತೆಯೇ ಒಂದನ್ನು ನುಂಗಿ, ಇನ್ನೊಂದನ್ನು ಶಂಕ್ರವ್ವನ ಕೈಗಿಟ್ಟರು.

"ತಪ್ಪು ನಂದೈತಿ, ಯವ್ವಾ. ಶಿವ ಇದನ್ನೂ ನಮಗಂತನ ಕೊಟ್ಟಾನ. ಪ್ರಸಾದ ಒಲ್ಲೆ ಅನಬಾರದು."

ಪ್ರಸಾದವೆಂದ ಮೇಲೆ ಆಕೆ ಬೇಡವೆನ್ನುವುದುಂಟೇ? ಕಣ್ಣಿಗೊತ್ತಿಕೊಂಡು ನುಂಗಿದಳು. ಮಧ್ಯಾಹ್ನದ ಹೊತ್ತಿಗೆ ಮಗಳ ಕೈಯಿಂದ ನಾಲ್ಕು ತುತ್ತು ಅನ್ನ ಉಂಡಳು. ಉಣಿಸುತ್ತಾ ಮಗಳು ಅತ್ತಳು. ನೋಡುತ್ತಿದ್ದ ನಮಗೆ ನಾಚಿಕೆಯಾಯಿತು.

ಮಾಸ್ತರರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ತಾಯಿಯವರ ಪಾದದ ಬಳಿ ಬಂದು, ಇಷ್ಟು ದಿನ ನಮ್ಮಲ್ಲಿ ಒಬ್ಬರೂ ಕೇಳದಿದ್ದ ಮಾತನ್ನು ಕೇಳಿದರು: "ತಾಯಿ, ನೋವು ಭಾಳ ಇತ್ತೇನ್ರೀ?"

"ಭಾಳ ಇತ್ತಪ್ಪ" ಎಂದರು ತಾಯಿಯವರು.

ಅಂದಿನಿಂದ ಮಾಸ್ತರರು ಯಾವ ಮಂಚದ ಬಳಿಯೂ ಪವಾಡದ ಮಾತೆತ್ತಲಿಲ್ಲ. "ಎಲ್ಲಿ ನೋಯ್ತದವ್ವಾ?" ಎಂದು ಕೇಳುತ್ತಿದ್ದರು, ಕೇಳಿ ನರ್ಸನ್ನು ಕರೆತರುತ್ತಿದ್ದರು.